ಅರವತ್ತಕ್ಕೆ ಅರಳುಮರುಳು ಅನ್ನೋ ಮೊದಲು ಒಂದು ರಕ್ತಪರೀಕ್ಷೆ

ಕಳಸದ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಕಾಫಿ ಕೊಯ್ಲಿನ ಲೆಕ್ಕವೆಲ್ಲ ಅವರ ಬಾಯಲ್ಲೇ ಇರ್ತಿತ್ತು. ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರು, ಯಾರಿಗೆ ಎಷ್ಟು ಮುಂಗಡ ಹೋಗಿದೆ ಅನ್ನೋದಕ್ಕೆ ಚೀಟಿ ಬೇಕಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅದೇ ದೊಡ್ಡಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕತೊಡಗಿದರು. ಮಾತು ನಿಧಾನವಾಯ್ತು, ಬಿಸಿಲಲ್ಲೂ ಶಾಲು ಬಿಡ್ತಿರಲಿಲ್ಲ. 'ವಯಸ್ಸಾಯ್ತಲ್ಲ, ಅರವತ್ತಕ್ಕೆ ಅರಳುಮರುಳು' ಅಂತ ಮನೆಯವರೆಲ್ಲ ನಕ್ಕರು. ನಾನೂ ನಕ್ಕಿದ್ದೆ.

ಒಂದು ವರ್ಷ ಹಾಗೇ ಹೋಯಿತು. ಬೇರೇನಕ್ಕೋ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ವಿಪರೀತ ಏರಿರೋದು ಗೊತ್ತಾಯ್ತು. ಅಂದರೆ ಥೈರಾಯ್ಡ್ ಗ್ರಂಥಿ ಸೋತಿತ್ತು. ಮಾತ್ರೆ ಶುರುವಾಗಿ ಕೆಲವು ತಿಂಗಳಿಗೆ ಲೆಕ್ಕ ಮತ್ತೆ ಬಾಯಿಗೆ ಬಂತು, ಪೂರ್ತಿ ಅಲ್ಲದಿದ್ದರೂ ಬಹುಪಾಲು. ಕತ್ತಿನಲ್ಲಿರೋ ಗ್ರಂಥಿಗೂ ನೆನಪಿಗೂ ಏನು ಸಂಬಂಧ ಅಂತ ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಇಲ್ಲಿದೆ.

ಟ್ಯಾನಿಸೈಟ್ ಅಂದರೇನು?

ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಇದನ್ನು ನೀರಿನ ಟ್ಯಾಂಕಿನ ಫ್ಲೋಟ್ ವಾಲ್ವ್ ಥರ ನೋಡ್ತೀನಿ. ಮಿದುಳಿನ ಹೈಪೋಥಲಮಸ್ 'ಟಿಆರ್‌ಎಚ್' ಎಂಬ ಸಂಕೇತ ಕಳಿಸುತ್ತೆ. ಪಿಟ್ಯುಟರಿ ಅದಕ್ಕೆ ಟಿಎಸ್‌ಎಚ್ ಬಿಡುತ್ತೆ. ಥೈರಾಯ್ಡ್ ಆಗ ಹಾರ್ಮೋನ್ ತಯಾರಿಸುತ್ತೆ. ರಕ್ತದಲ್ಲಿ ಹಾರ್ಮೋನ್ ಹೆಚ್ಚಾದರೆ ಮೇಲಿನ ಸಂಕೇತ ತಗ್ಗುತ್ತೆ, ಕಡಿಮೆಯಾದರೆ ಏರುತ್ತೆ.

ಗ್ರಂಥಿ ಹೆಚ್ಚಾಗಿ ಕಳಿಸೋದು ನಾಲ್ಕು ಅಯೋಡಿನ್ ಪರಮಾಣುಗಳ ಟಿ4. ಕೋಶದೊಳಗೆ ಮುಖ್ಯವಾಗಿ ಕೆಲಸ ಮಾಡೋದು ಮೂರು ಪರಮಾಣುಗಳ ಟಿ3. ಮಿದುಳು ತನಗೆ ಬೇಕಾದ ಟಿ3ಯ ದೊಡ್ಡ ಪಾಲನ್ನು ಟಿ4ನಿಂದ ಒಳಗೇ ತಯಾರಿಸಿಕೊಳ್ಳುತ್ತೆ. ಈ ಕೆಲಸ ನರಕೋಶಗಳದ್ದಲ್ಲ, ಅವುಗಳ ಸುತ್ತಲಿನ ಪೋಷಕ ಕೋಶಗಳದ್ದು. ಅಂಥ ಕೋಶಗಳಲ್ಲಿ ಒಂದು ಬಗೆ ಟ್ಯಾನಿಸೈಟ್. ಮಿದುಳಿನ ಮೂರನೇ ಕುಹರದ ತಳದಲ್ಲಿ ಇವು ಸಾಲಾಗಿ ನಿಂತಿರುತ್ತವೆ. ಒಂದು ತುದಿ ಮಿದುಳಿನ ದ್ರವಕ್ಕೆ ತಾಗಿದ್ದರೆ, ಇನ್ನೊಂದು ಉದ್ದದ ಬಾಲದಂತೆ ಕೆಳಗಿನ ರಕ್ತನಾಳಗಳ ತನಕ ಚಾಚಿರುತ್ತೆ.

ಟ್ಯಾನಿಸೈಟ್‌ಗಳು ಟಿ4 ಅನ್ನು ಟಿ3 ಮಾಡುತ್ತವೆ. ಜೊತೆಗೆ ಟಿಆರ್‌ಎಚ್ ಸಂಕೇತವನ್ನು ದಾರಿಯಲ್ಲೇ ಒಡೆಯುವ ಕಿಣ್ವವೂ ಇವುಗಳಲ್ಲಿದೆ. ಅಂದರೆ ಪಿಟ್ಯುಟರಿಗೆ ಎಷ್ಟು ಸಂಕೇತ ಮುಟ್ಟಬೇಕು ಅನ್ನೋದರಲ್ಲೂ ಇವುಗಳ ಕೈವಾಡವಿದೆ.

ಇದರಲ್ಲಿ ಆಲ್ಜೈಮರ್ಸ್ ಎಲ್ಲಿ ಬಂತು?

ಆಲ್ಜೈಮರ್ಸ್‌ನಲ್ಲಿ ಮಿದುಳಿನಲ್ಲಿ ಗಂಟುಕಟ್ಟುವ ಪ್ರೋಟೀನ್‌ಗಳಲ್ಲಿ ಟೌ ಒಂದು. ಫ್ರಾನ್ಸ್‌ನ ಲಿಲ್ ನಗರದ ಸಂಶೋಧಕರ ತಂಡ ಪ್ರಾಣಿಗಳಲ್ಲಿ ಕಂಡಿದ್ದೇನಂದರೆ, ಟ್ಯಾನಿಸೈಟ್‌ಗಳು ಮಿದುಳಿನ ದ್ರವದಲ್ಲಿರುವ ಟೌ ಅನ್ನು ಎತ್ತಿ ರಕ್ತಕ್ಕೆ ದಾಟಿಸುತ್ತವೆ. ಒಂಥರಾ ಕಸ ಸಾಗಿಸೋ ಕೆಲಸ. ಆಲ್ಜೈಮರ್ಸ್‌ನಿಂದ ತೀರಿಕೊಂಡವರ ಮಿದುಳನ್ನು ನೋಡಿದಾಗ ಈ ಕೋಶಗಳ ಉದ್ದದ ಬಾಲ ತುಂಡುತುಂಡಾಗಿತ್ತು.

ಇಷ್ಟರಿಂದಲೇ 'ಥೈರಾಯ್ಡ್ ಕೆಟ್ಟರೆ ಆಲ್ಜೈಮರ್ಸ್' ಅಂತ ಯಾರಾದರೂ ವಾಟ್ಸಾಪಲ್ಲಿ ಕಳಿಸಿದರೆ ನಂಬಬೇಡಿ. ಕೋಶ ಮುರಿದದ್ದು ಕಾಯಿಲೆಗೆ ಕಾರಣವೋ, ಅದರ ಫಲವೋ ಇನ್ನೂ ತೀರ್ಮಾನವಾಗಿಲ್ಲ. ಹಾರ್ಮೋನ್ ಕೊರತೆಯಿಂದ ಬರುವ ಮರೆವು ಬೇರೆ, ಆಲ್ಜೈಮರ್ಸ್ ಬೇರೆ. ಮೊದಲನೆಯದು ಬಹುಪಾಲು ಚಿಕಿತ್ಸೆಗೆ ಬಗ್ಗುತ್ತೆ. ಅದಕ್ಕೇ ಮರೆವಿನ ತಪಾಸಣೆಯಲ್ಲಿ ಟಿಎಸ್‌ಎಚ್ ಪರೀಕ್ಷೆಯೂ ಸೇರಿದೆ.

ಮಲೆನಾಡಿಗೆ ಯಾಕೆ ಇದು ಮುಖ್ಯ?

ಧೋ ಅಂತ ಸುರಿಯುವ ಮಳೆ ಗುಡ್ಡದ ಮಣ್ಣಿನ ಅಯೋಡಿನ್ ಅನ್ನು ತೊಳೆದುಕೊಂಡು ಹೋಗುತ್ತೆ. ಮಣ್ಣಿನಲ್ಲಿ ಇಲ್ಲದ್ದು ಅಲ್ಲಿ ಬೆಳೆದ ಸೊಪ್ಪು, ಭತ್ತಕ್ಕೂ ಸಿಗಲ್ಲ. ಚಿಕ್ಕಮಗಳೂರು ಕರ್ನಾಟಕದ ಗಳಗಂಡಪೀಡಿತ ಜಿಲ್ಲೆಗಳಲ್ಲಿ ಒಂದು. ಕತ್ತು ದಪ್ಪಗಾದ ಅಜ್ಜಿಯರನ್ನು ನೋಡಿದ ನೆನಪು ಮೂಡಿಗೆರೆ ಕಡೆಯ ಹಳಬರಿಗೆ ಇದ್ದೇ ಇರುತ್ತೆ.

ಕೇಂದ್ರ ಸರ್ಕಾರ 1962ರಲ್ಲೇ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಅಯೋಡಿನ್ ಇಲ್ಲದ ಅಡುಗೆ ಉಪ್ಪಿನ ಮಾರಾಟದ ಮೇಲಿನ ದೇಶವ್ಯಾಪಿ ನಿಷೇಧವನ್ನು 2000ದಲ್ಲಿ ತೆಗೆದುಹಾಕಲಾಯಿತು, 2006ರಲ್ಲಿ ಮತ್ತೆ ತರಲಾಯಿತು. ಒಂದು ಚಿಟಿಕೆ ಉಪ್ಪಿನ ಹಿಂದೆಯೂ ರಾಜಕೀಯ ಇದೆ. ಈಗ 'ನೈಸರ್ಗಿಕ' ಅಂತ ದುಬಾರಿ ಬೆಲೆಗೆ ಪಿಂಕ್ ಸಾಲ್ಟ್ ತರೋರು, ಸಾರಿಗೂ ಕಲ್ಲುಪ್ಪೇ ಬೇಕು ಅನ್ನೋರು ಪೊಟ್ಟಣದ ಮೇಲೆ ಅಯೋಡಿನ್ ಇದೆಯಾ ನೋಡಬೇಕು. ವಯಸ್ಕರಿಗೆ ದಿನಕ್ಕೆ ಬೇಕಾಗಿರೋದು 150 ಮೈಕ್ರೋಗ್ರಾಂ. ಗರ್ಭಿಣಿಯರಿಗೆ 250, ಯಾಕಂದರೆ ಮಗುವಿನ ಮಿದುಳು ಬೆಳೆಯೋದೇ ಈ ಹಾರ್ಮೋನಿನ ಬಲದ ಮೇಲೆ.

ಬೆಳಗಿನ ಕಾಫಿಯ ತೊಡಕು

ದೊಡ್ಡಮ್ಮನಿಗೆ ಮಾತ್ರೆ ಮೊದಲ ಎರಡು ತಿಂಗಳು ಸರಿಯಾಗಿ ನಾಟಲೇ ಇಲ್ಲ. ಎದ್ದ ಕೂಡಲೇ ಕಾಫಿ ಜೊತೆ ನುಂಗ್ತಿದ್ದರು. ಕಾಫಿ ಲೆವೊಥೈರಾಕ್ಸಿನ್ ಹೀರಿಕೆಯನ್ನು ತಗ್ಗಿಸುತ್ತೆ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕಾಫಿ ಬೆಳೆಯೋ ಊರಲ್ಲಿ ಈ ಮಾತನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಇದರ ಮಗ್ಗುಲಲ್ಲೇ ಇನ್ನೊಂದು ಎಚ್ಚರಿಕೆ. ಟಿಎಸ್‌ಎಚ್ ಸ್ವಲ್ಪವೇ ಏರಿದ ಹಿರಿಯರೆಲ್ಲರಿಗೂ ಮಾತ್ರೆ ಬೇಕಿಲ್ಲ. 65 ದಾಟಿದ 737 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗದಲ್ಲಿ ಅಂಥವರಿಗೆ ಲಕ್ಷಣಗಳಲ್ಲಿ ಲಾಭ ಕಾಣಲಿಲ್ಲ. ಅತಿಯಾದರೆ ಹೃದಯದ ಬಡಿತ ತಪ್ಪುತ್ತೆ, ಮೂಳೆ ಸವೆಯುತ್ತೆ. ತೀರ್ಮಾನ ವೈದ್ಯರದ್ದೇ ಆಗಬೇಕು.

ನಾವು ಕೇಳಬೇಕಾದ್ದು

2023ರ ಒಂದು ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸ್ತಿದೆ. ಅಯೋಡಿನ್ ಕೊರತೆಯ ಇತಿಹಾಸ ಇರೋ ನಮ್ಮ ಗುಡ್ಡಗಳಿಗೂ ಅಂಥದ್ದೊಂದು ಬೇಕು.

ಅದಕ್ಕೂ ಮೊದಲು ಆಗಬೇಕಾದ ಸಣ್ಣ ಕೆಲಸ ಒಂದಿದೆ. ಮರೆವು ಶುರುವಾದ ಹಿರಿಯರ ರಕ್ತದ ಮಾದರಿ ಊರಿನ ಆರೋಗ್ಯ ಕೇಂದ್ರದಲ್ಲೇ ತೆಗೆದು, ಟಿಎಸ್‌ಎಚ್ ವರದಿ ಅಲ್ಲಿಗೇ ಬರುವಂತಾಗಬೇಕು. ಒಂದು ದಿನದ ಕೂಲಿ ಬಿಟ್ಟು, ಕಳಸದಿಂದ ಕೊಟ್ಟಿಗೆಹಾರದ ತಿರುವು ಸುತ್ತಿ ಬಸ್ಸಲ್ಲಿ ಹೋಗಬೇಕು ಅಂದರೆ ಬಹಳ ಜನ ಹೋಗಲ್ಲ. ಅರಳುಮರುಳು ಅಂತ ಹೇಳಿ ಸುಮ್ಮನಾಗೋದು ಸುಲಭ, ಖರ್ಚಿಲ್ಲ. ನಮ್ಮ ದೊಡ್ಡಮ್ಮನ ಒಂದು ವರ್ಷ ಹೋಗಿದ್ದು ಹಾಗೇ.