ಕಡಲೆಕಾಯಿ ಪರಿಷೆಯ ಐತಿಹ್ಯವಿಚಾರ

ಬೆಂಗಳೂರಿನ ದಕ್ಷಿಣಭಾಗದಲ್ಲಿರುವ ಬಸವನಗುಡಿಯಲ್ಲಿ ಪ್ರತಿ ಸಂವತ್ಸರವೂ ಕಾರ್ತಿಕಮಾಸದ ಕಡೆಯ ಸೋಮವಾರದಂದು ಕಡಲೆಕಾಯಿ ಪರಿಷೆ ನೆರೆಯುವುದು. ‘ಪರಿಷೆ’ ಎಂಬುದು ಸಂಸ್ಕೃತದ ‘ಪರಿಷತ್’ ಶಬ್ದದ ತದ್ಭವ. ಪಂಡಿತರ ಸಭೆಯನ್ನು ಹೇಳುತ್ತಿದ್ದ ಆ ಮಾತು ಇಲ್ಲಿ ಒಕ್ಕಲಿಗರ ನೆರವಿಗೆ ಸಂದಿದೆ. ದೊಡ್ಡ ಗಣಪತಿಗೂ ದೊಡ್ಡ ಬಸವಣ್ಣನಿಗೂ ಹೊಸ ಕಾಯಿ ಸಮರ್ಪಿತವಾದ ಮೇಲೆ ಬೀದಿಯ ಎರಡು ಪಕ್ಕಗಳಲ್ಲಿಯೂ ಹಸಿಯ, ಹುರಿದ, ಬೇಯಿಸಿದ ಕಡಲೆಕಾಯಿಯ ರಾಶಿಗಳು ಏಳುವುವು. ಕೋಲಾರ, ಚಿಂತಾಮಣಿ, ಮಾಗಡಿ ಮೊದಲಾದ ಕಡೆಗಳಿಂದಲೂ ನೆರೆಯ ತಮಿಳು ತೆಲುಗು ಸೀಮೆಗಳಿಂದಲೂ ರೈತರೂ ವರ್ತಕರೂ ಬರುವರು. ಇಷ್ಟು ದೊಡ್ಡ ನಗರದಲ್ಲಿ ಇಷ್ಟು ಸಣ್ಣದೊಂದು ಕಾಯಿಯ ಹೆಸರಿನಲ್ಲಿ ಜನ ಸೇರುವುದು ವಿನೋದವಾಗಿ ತೋರಬಹುದು. ಆದರೆ ಇದರ ಹಿಂದಿರುವ ಐತಿಹ್ಯವು ಚರಿತ್ರಕಾರನ ಪರೀಕ್ಷೆಗೆ ಅರ್ಹವಾದುದು.

ಐತಿಹ್ಯವು ಹೀಗಿದೆ: ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ಮೊದಲಾದ ಗ್ರಾಮಗಳ ಒಕ್ಕಲಿಗರು ಇಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರು. ಬಸವನೊಂದು ರಾತ್ರಿಯಲ್ಲಿ ಬಂದು ಬೆಳೆಯನ್ನು ಮೇಯುತ್ತಿದ್ದಿತು. ಕಾವಲಿದ್ದವನು ದೊಣ್ಣೆಯಿಂದ ಹೊಡೆಯಲು ಅದು ಕುಳಿತಲ್ಲಿಯೇ ಶಿಲೆಯಾಯಿತು. ಶಿಲೆಯಾದ ಮೇಲೂ ಬೆಳೆಯುತ್ತಲೇ ಇದ್ದಿತು. ಭೀತರಾದ ಜನರು ಅದರ ನೆತ್ತಿಗೆ ತ್ರಿಶೂಲವನ್ನು ನಾಟಿ ಬೆಳವಣಿಗೆಯನ್ನು ತಡೆದು, ವರ್ಷದ ಮೊದಲ ಫಸಲನ್ನು ಬಸವಣ್ಣನಿಗೆ ಮೀಸಲು ಮಾಡಿದರು. ಬೆಂಗಳೂರು ಕೋಟೆಯನ್ನು 1537ರಲ್ಲಿ ಕಟ್ಟಿಸಿದ ಕೆಂಪೇಗೌಡನೇ ಗುಡಿಯನ್ನೂ ಕಟ್ಟಿಸಿದನೆಂದು ಪ್ರತೀತಿ.

ಈ ಕಥೆಯಲ್ಲಿ ಕಾಲವಿರೋಧವೊಂದು ಅಡಗಿದೆ. ಕಡಲೆಕಾಯಿಯ ಗಿಡದ ಜನ್ಮಭೂಮಿ ದಕ್ಷಿಣ ಅಮೆರಿಕ. ಪೋರ್ಚುಗೀಸರು ಬ್ರೆಜಿಲ್ ತೀರವನ್ನು ಮುಟ್ಟಿದ್ದು 1500ರಲ್ಲಿ. ಗೋವೆಯನ್ನು ಹಿಡಿದದ್ದು 1510ರಲ್ಲಿ. ಸಮುದ್ರಾಂತರದಿಂದ ಬಂದ ಬೀಜವೊಂದು 1537ರ ಹೊತ್ತಿಗೆ ಒಳನಾಡಿನ ಹಳ್ಳಿಹಳ್ಳಿಯ ಹೊಲದಲ್ಲಿ ವಾಡಿಕೆಯ ಬೆಳೆಯಾಗಿ, ಅದಕ್ಕೆ ಇರುಳು ಕಾವಲು ಕೂರುವಷ್ಟು ನೆಲೆಗೊಂಡಿತೆಂದು ನಂಬುವುದು ಕಷ್ಟ. ದಕ್ಷಿಣದೇಶದಲ್ಲಿ ಇದು ಎಣ್ಣೆಬೀಜವಾಗಿ ವಿಸ್ತಾರವಾಗಿ ಹಬ್ಬಿದ್ದು 19ನೆಯ ಶತಮಾನದಲ್ಲಿ. ಆಗ ಪುದುಚೇರಿಯ ರೇವಿನಿಂದ ಇದು ಫ್ರಾನ್ಸಿಗೆ ರಫ್ತಾಗುತ್ತಿದ್ದಿತು.

ಭಾಷೆಯ ಸಾಕ್ಷ್ಯವೂ ಇದನ್ನೇ ಸಮರ್ಥಿಸುವುದು. ಅಮರಕೋಶದಲ್ಲಿ ಕಡಲೆಗೆ ‘ಚಣಕ’, ‘ಹರಿಮಂಥಕ’ ಎಂಬ ಹೆಸರುಗಳುಂಟು. ನೆಲದೊಳಗೆ ಕಾಯಿ ಬಿಡುವ ಈ ಗಿಡಕ್ಕೆ ಹೆಸರಿಲ್ಲ. ‘ಭೂಚಣಕ’ವೆಂಬುದು ಈಚೆಗೆ ಕಲ್ಪಿಸಿಕೊಂಡ ಶಬ್ದ. ದೇಶಭಾಷೆಗಳಲ್ಲಿಯೂ ಇದಕ್ಕೆ ಸ್ವತಂತ್ರವಾದ ಹಳೆಯ ಧಾತುವಿಲ್ಲ. ಕನ್ನಡದ ‘ನೆಲಗಡಲೆ’, ತಮಿಳಿನ ‘ನಿಲಕ್ಕಡಲೈ’, ತೆಲುಗಿನ ‘ವೇರುಶನಗ’ ಇವು ಮೂರೂ ಪರಿಚಿತವಾದ ಕಡಲೆಯ ಹೆಸರಿಗೆ ನೆಲವನ್ನೋ ಬೇರನ್ನೋ ಸೇರಿಸಿ ಮಾಡಿದ ಸಮಾಸಗಳು. ಮರಾಠಿಯ ‘ಭುಯಿಮೂಗ’ವು ಹೆಸರುಕಾಳನ್ನು ಆಶ್ರಯಿಸಿದೆ. ಉತ್ತರ ಕರ್ನಾಟಕದ ‘ಶೇಂಗಾ’ ಎಂಬುದು ಮರಾಠಿಯಲ್ಲಿ ಕೇವಲ ‘ಕೋಡು’ ಎಂಬರ್ಥದ ಶಬ್ದ. ಮನೆಗೆ ಹೊಸದಾಗಿ ಬಂದವನನ್ನು ಊರವರು ಬಲ್ಲ ಬಂಧುವಿನ ಹೆಸರು ಹಿಡಿದು ಗುರುತಿಸುವಂತೆ, ಭಾಷೆಗಳು ಈ ಆಗಂತುಕ ಸಸ್ಯವನ್ನು ಗುರುತಿಸಿದುವು.

ಹಾಗಾದರೆ ಐತಿಹ್ಯವೆಲ್ಲ ಈಚಿನವರ ಕಟ್ಟುಕಥೆಯೆ? ಹಾಗೆ ನಿರ್ಣಯಿಸುವುದು ದುಡುಕು. ಕಥೆಯಲ್ಲಿ ಬಸವ, ಮೀಸಲು, ಬೆಳೆ ಎಂಬ ಮೂರು ಅಂಶಗಳಿವೆ. ಇವುಗಳಲ್ಲಿ ಮೊದಲೆರಡು ಕಡಲೆಕಾಯಿಯನ್ನು ಅಪೇಕ್ಷಿಸುವುದಿಲ್ಲ. ಬಸವಣ್ಣನ ಪಾದದಡಿಯಲ್ಲಿ ಹುಟ್ಟುವುದೆಂದು ಜನ ನಂಬಿರುವ ಹೊಳೆಯ ಹೆಸರು ವೃಷಭಾವತಿ. ಅದರಲ್ಲಿ ವೃಷಭವುಂಟು, ಬೆಳೆಯಿಲ್ಲ. ಬೆಳೆಯುವ ಬಸವನ ಕಥೆ ಆಂಧ್ರದೇಶದ ಯಾಗಂಟಿಯಲ್ಲಿಯೂ ಪ್ರಸಿದ್ಧವಾಗಿದೆ. ಅಲ್ಲಿ ಕಡಲೆಕಾಯಿಯ ಪ್ರಸಕ್ತಿಯೇ ಇಲ್ಲ. ಮೊದಲ ಫಸಲನ್ನು ದೇವರಿಗೆ ಮೀಸಲಿಡುವ ಪದ್ಧತಿಯಂತೂ ನಾಡಿನ ಎಲ್ಲ ಒಕ್ಕಲಿಗರಿಗೂ ಸಾಮಾನ್ಯ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಮುಂಗಾರಿನಲ್ಲಿ ಬಿತ್ತಿದ ಕಡಲೆಕಾಯಿ ಕೈಗೆ ಬರುವುದು ಕಾರ್ತಿಕದ ಸುಮಾರಿಗೇ, ಆದುದರಿಂದ ಪರಿಷೆಯ ತಿಥಿಯೇ ಬೆಳೆಯಿಂದ ನಿಶ್ಚಿತವಾಯಿತಲ್ಲವೆ? ಹಾಗೆ ಹೇಳಬೇಕಾದ ಅಗತ್ಯವಿಲ್ಲ. ಕಾರ್ತಿಕ ಸೋಮವಾರವು ಶಿವಾರಾಧನೆಗೆ ಪ್ರಶಸ್ತವೆಂಬುದು ಪ್ರಾಚೀನ ಸಂಪ್ರದಾಯ. ಶಿವನ ವಾಹನವಿರುವ ಗುಡಿಗೆ ಆ ದಿನ ಜನ ಬರುವುದಕ್ಕೆ ಬೇರೆ ಕಾರಣ ಬೇಡ. ‘ಕಡಲೆ’ ಎಂಬ ಹೆಸರನ್ನು ನೆಚ್ಚಿ ಮೂಲದಲ್ಲಿ ಚಣಕವೇ ಮೀಸಲಾಗಿದ್ದಿತೆಂದು ಊಹಿಸುವುದೂ ಸಲ್ಲದು. ಏಕೆಂದರೆ ಅದು ಹಿಂಗಾರಿನ ಬೆಳೆ, ಕಾರ್ತಿಕದ ಹೊತ್ತಿಗೆ ಅದಿನ್ನೂ ಬಿತ್ತನೆಯ ಅವಸ್ಥೆಯಲ್ಲಿರುವುದು. ಹೀಗಿರಲು, ಮೊದಲೇ ಇದ್ದ ಕಾರ್ತಿಕದ ಸೇವೆಗೆ, ಅದೇ ಋತುವಿನಲ್ಲಿ ಮಾಗುವ ಹೊಸ ಬೆಳೆಯೊಂದು ಬಂದು ಸೇರಿ, ಕ್ರಮೇಣ ಸೇವೆಯ ಹೆಸರನ್ನೇ ತನ್ನದಾಗಿಸಿಕೊಂಡಿತೆಂಬ ಊಹೆಯೇ ಯುಕ್ತವಾಗಿ ಕಾಣುವುದು. ಹರಕೆ ಹಳೆಯದು, ಕಾಯಿ ಹೊಸದು.

ಬೆಂಗಳೂರಿಗೆ ಕಾಳಿನ ಕಥೆ ಇದೊಂದೇ ಅಲ್ಲ. ಹಸಿದ ಬಲ್ಲಾಳರಾಯನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನಿತ್ತುದರಿಂದ ಊರಿಗೆ ‘ಬೆಂದಕಾಳೂರು’ ಎಂದಾಯಿತೆಂಬ ಕಥೆ ಸರ್ವವಿದಿತ. ಬೇಗೂರಿನಲ್ಲಿರುವ ಗಂಗರ ಕಾಲದ, ಸುಮಾರು 890ರ, ವೀರಗಲ್ಲಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದ್ದು, ಹೊಯ್ಸಳರಿಗಿಂತ ಬಹು ಹಿಂದೆಯೇ ಆ ಹೆಸರಿದ್ದುದು ಸಿದ್ಧವಾಗಿದೆ. ಆದರೂ ಕಥೆ ಅಳಿದಿಲ್ಲ. ಎರಡು ಕಥೆಗಳಿಗೂ ಒಂದು ಭೇದವುಂಟು. ಬೆಂದಕಾಳಿನ ಕಥೆ ಶಬ್ದದಿಂದ ಹುಟ್ಟಿದುದು. ಶಬ್ದದ ಪೂರ್ವಚರಿತ್ರೆ ದೊರೆತೊಡನೆ ಅದರ ಆಧಾರ ಕುಸಿಯಿತು. ಪರಿಷೆಯ ಕಥೆ ಆಚಾರವನ್ನು ಆಶ್ರಯಿಸಿದುದು. ಅದರಲ್ಲಿನ ಬೆಳೆಯ ಹೆಸರು ಬಿದ್ದರೂ ಆಚಾರ ನಿಂತಿರುವುದು.

ಹೀಗೆ ನಿಂತ ಆಚಾರದ ಬೆಲೆಯೇನೆಂಬುದನ್ನು ಸ್ಥಳದ ಚರಿತ್ರೆ ತಿಳಿಸುವುದು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಬಸವನಗುಡಿಯ ಬಡಾವಣೆ ಏರ್ಪಟ್ಟಿತು. 1898ರ ಪ್ಲೇಗಿನಿಂದ ಹಳೆಯ ಪೇಟೆಯ ಜನ ಹೊರಗೆ ನೆಲಸತೊಡಗಲು ಅದು ಬೇಗ ಬೆಳೆಯಿತು. ಹೊಲಗಳು ನಿವೇಶನಗಳಾದುವು. ಬೆಳೆಯೂ ಹೋಯಿತು, ಬೆಳೆದವರೂ ಹೋದರು. ಮೀಸಲು ಮಾತ್ರ ಉಳಿಯಿತು. ಅಂದು ಹೊಲದ ಒಡೆಯನು ಸಲ್ಲಿಸುತ್ತಿದ್ದ ಕಾಣಿಕೆಯನ್ನು ಇಂದು ದೂರದ ರೈತನು ತರುವನು, ಹೊಲವನ್ನೇ ಕಾಣದ ನಗರವಾಸಿಯು ಕೊಂಡು ಒಪ್ಪಿಸುವನು. ಸುಂಕೇನಹಳ್ಳಿ, ಗುಟ್ಟಹಳ್ಳಿಗಳು ಒಕ್ಕಲುಗ್ರಾಮಗಳಾಗಿದ್ದುವೆಂಬುದನ್ನು ನೆರೆದ ಜನ ವರ್ಷಕ್ಕೊಮ್ಮೆ ನೆನೆಯುವುದು ಈ ಕಥೆಯ ಬಾಯಿಂದಲೇ.

ಆದುದರಿಂದ ಈ ಐತಿಹ್ಯವನ್ನು 1537ರ ಪ್ರಮಾಣವೆಂದು ಬೋಧಿಸುವುದೂ ತಪ್ಪು, ಹುಸಿಯೆಂದು ಎಸೆಯುವುದೂ ತಪ್ಪು. ಕಾಲನಿರ್ಣಯಕ್ಕೆ ಅದು ಸಾಕ್ಷಿಯಾಗಲಾರದು. ಊರೊಂದು ತಾನು ನುಂಗಿದ ಹಳ್ಳಿಗಳ ಋಣವನ್ನು ಒಪ್ಪಿಕೊಂಡಿರುವುದಕ್ಕೆ ಸಾಕ್ಷಿಯಾಗಬಲ್ಲುದು. ಸ್ಥಳಪುರಾಣಗಳನ್ನು ಪಾಠ ಹೇಳುವವರು ಈ ಎರಡು ಬಗೆಯ ಪ್ರಾಮಾಣ್ಯವನ್ನೂ ಬೇರೆಬೇರೆಯಾಗಿ ತೋರಿಸಿಕೊಡುವುದು ಉಚಿತ.