ಸೋಮವಾರದ ಜ್ವರಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ

ಈ ಸಲ ಸ್ವಲ್ಪ ಉದ್ದ ಬರೆದೀನಿ. ಮುಟ್ಟಾ ಓದ್ರಿ.

ಮೊನ್ನೆ ಗಜೇಂದ್ರಗಡದಿಂದ ನಮ್ಮ ಚಿಗವ್ವನ ಮಗ ಬಂದಿದ್ದ. ನನಗಿಂತ ಹದಿನೈದು ವರ್ಷ ಸಣ್ಣಾವ. ಬೇರೆ ಜಿಲ್ಲೆಯ ಒಂದು ಶೆಡ್ಡಿನಲ್ಲಿ ಮೂರು ವರ್ಷದಿಂದ ದುಡೀತಾನ. ಕಬ್ಬಿಣದ ಕಂಬ, ಪೈಪುಗಳಿಗೆ ಸತುವಿನ ಲೇಪ ಕೊಡುವ ಕಾರ್ಖಾನೆಗಳಿಂದ ಉಳಿಕೆ ಬೂದಿ ಆ ಶೆಡ್ಡಿಗೆ ಚೀಲಗಟ್ಟಲೆ ಬರುತ್ತದೆ. ಅದನ್ನು ಜರಡಿ ಹಿಡಿದು, ಸಿಕ್ಕ ಲೋಹದ ಚೂರನ್ನು ಕರಗಿಸಿ, ಉಳಿದ ಪುಡಿಯನ್ನು ಆಸಿಡ್ ತೊಟ್ಟಿಗೆ ಹಾಕುವುದು ಅವನ ಕೆಲಸ. ಜರಡಿಗೆ, ತೊಟ್ಟಿಗೆ ನಿಲ್ಲೋರೆಲ್ಲ ನಮ್ಮ ಕೇರಿಯಂಥಾ ಕೇರಿಗಳ ಹುಡುಗ್ರು. ಲೆಕ್ಕ ಬರಿಯೋರು ಬ್ಯಾರೆ.

ಅವ ಹೇಳಿದ್ದು ಇಷ್ಟು: "ಅಣ್ಣಾ, ಸೋಮವಾರ ಭಟ್ಟಿ ಮುಂದ ನಿಂತ್ರ ಸಂಜಿಗೆ ಬಾಯಿ ಸಿಹಿ ಸಿಹಿ ಆಗತೈತಿ, ಗಂಟಲ ಒಣಗತೈತಿ, ರಾತ್ರಿ ಚಳಿಜ್ವರ. ಮಂಗಳವಾರ ಕಮ್ಮಿ. ಬುಧವಾರ ಏನೂ ಇಲ್ಲ. ರವಿವಾರ ಸೂಟಿ ಮುಗಿಸಿ ಹ್ವಾದ್ರ ಮತ್ತ ಅದ." ಎರಡು ಸಲ ಮಲೇರಿಯಾಕ್ಕೆ ರಕ್ತ ಕೊಟ್ಟಾನ, ಏನೂ ಸಿಕ್ಕಿಲ್ಲ. ಮೇಸ್ತ್ರಿ ಬೆಲ್ಲ ತಿನ್ನು, ಹಾಲು ಕುಡಿ ಅಂತಾನ. ಹೆಂಡತಿ ದೃಷ್ಟಿ ತೆಗೆಸ್ಯಾಳ.

ನಾನು ಬಿ.ಎ. ಓದಿ ಆಫೀಸಿನಲ್ಲಿ ಕಡತ ತಿರುವೋ ಮನುಷ್ಯ, ಡಾಕ್ಟರಲ್ಲ. ಆದರೂ ಸೋಮವಾರಕ್ಕೇ ಬರುವ ಜ್ವರ ಎಂಥದ್ದು ಅಂತ ಹುಡುಕುತ್ತಾ ಹೋದೆ. ಇದು ಹೊಸಾ ರೋಗ ಅಲ್ಲವೇ ಅಲ್ಲ. 1830ರ ದಶಕದ ಮೊದಲಿಗೇ ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾ ಹಿತ್ತಾಳೆ ಕರಗಿಸುವವರಿಗೆ ಬರುವ ಚಳಿಜ್ವರದ ಬಗ್ಗೆ ಬರೆದಿದ್ದಾನೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಸತು 419 ಡಿಗ್ರಿಗೆ ಕರಗುತ್ತದೆ, 907ಕ್ಕೆ ಕುದ್ದು ಹೊಗೆಯಾಗುತ್ತದೆ. ಹಿತ್ತಾಳೆ ಕರಗುವ ಕಾವಿನಲ್ಲಿ ಅದರೊಳಗಿನ ಸತು ಗಾಳಿಗೆ ಹಾರಿ, ಬಿಳೀ ಅರಳೆಯಂಥ ಹೊಗೆಯಾಗಿ ಉಸಿರಿಗೆ ಸೇರುತ್ತದೆ. ಕೆಲವು ತಾಸು ಬಿಟ್ಟು ಚಳಿ, ಜ್ವರ, ಮೈಕೈ ನೋವು. ಒಂದೆರಡು ದಿನಕ್ಕೆ ತಾನೇ ಇಳಿಯುತ್ತದೆ. ದಿನಾ ಹೊಗೆ ಕುಡಿದರೆ ಮೈ ಒಗ್ಗಿಕೊಳ್ಳುತ್ತದೆ, ಒಂದು ದಿನ ಸೂಟಿ ಸಿಕ್ಕರೆ ಆ ಒಗ್ಗಿಕೆ ಹೋಗುತ್ತದೆ. ಅದಕ್ಕೇ ಸೋಮವಾರ. ಜಿಐ ಪೈಪು ವೆಲ್ಡಿಂಗ್ ಮಾಡುವ ನಮ್ಮೂರ ಹುಡುಗರಿಗೂ ಇದು ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೇ.

ಸುಮಾರು ಇನ್ನೂರು ವರ್ಷದಿಂದ ಗೊತ್ತಿರೋ ರೋಗಕ್ಕೆ ಇನ್ನೂ ದೃಷ್ಟಿ ತೆಗಸ್ತೀವಿ ಅಂದ್ರ ತಪ್ಪು ಆ ಹೆಣ್ಮಗಳದ್ದಲ್ಲ.

ಸತುವಿನ ಚರಿತ್ರೆ ಅಂದ ಕೂಡಲೇ ವಾಟ್ಸಾಪಿನಲ್ಲಿ ಒಂದು ಹೆಮ್ಮೆಯ ಮೆಸೇಜು ಓಡಾಡುತ್ತದೆ: ಜಗತ್ತಿಗೆ ಸತು ಇಳಿಸೋದನ್ನ ಕಲಿಸಿದ್ದು ನಾವೇ ಅಂತ. ಸುಳ್ಳೇನಲ್ಲ. ರಾಜಸ್ಥಾನದ ಉದಯಪುರದ ಹತ್ತಿರ ಜಾವರ್‌ನಲ್ಲಿ ನೂರಾರು ವರ್ಷಗಳ ಹಿಂದೆಯೇ ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳನ್ನು, ಒಂದು ಕುಲುಮೆಗೆ 36ರಂತೆ, ತಲೆಕೆಳಗಾಗಿ ನಿಲ್ಲಿಸಿ ಸತುವಿನ ಆವಿ ಇಳಿಸುತ್ತಿದ್ದರು. ಬಳಸಿ ಬಿಟ್ಟ ಮೂಸೆಗಳು ಎಷ್ಟಿದ್ದವು ಅಂದರೆ ಅಲ್ಲಿನ ಮಂದಿ ಅವನ್ನೇ ಇಟ್ಟಿಗೆ ಮಾಡಿ ಗೋಡೆ ಕಟ್ಟಿಕೊಂಡರು. ಸಂಸ್ಕೃತದ ರಸಶಾಸ್ತ್ರದ ಪುಸ್ತಕಗಳಲ್ಲಿ ಇದರ ವಿಧಾನ ಬರೆದಿಟ್ಟಿದ್ದಾರೆ. ವಿಧಾನ ಬರೆದೋರ ಹೆಸರು ಉಳೀತು. ಆ ಮೂಸೆ ಒಡೆದು ಬೂದಿ ತೆಗೆದವರು ಯಾರು, ಅವರಿಗೆ ಎಷ್ಟು ಚಳಿ ಬಂತು ಅಂತ ಮೆಸೇಜು ಫಾರ್ವರ್ಡ್ ಮಾಡೋರು ಕೇಳಂಗಿಲ್ಲ. ಇರ್ಲಿ.

ನಮ್ಮ ಕರ್ನಾಟಕದಲ್ಲಿ ಸತು ದೊಡ್ಡ ಕೆಲಸಕ್ಕೆ ಬಂದದ್ದು ಚಿನ್ನದ ಬೆನ್ನು ಹಿಡಿದು. ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲೂ ಚಿನ್ನ ಇತ್ತು. ಡೋಣಿ ಹಳ್ಳದ ಉಸುಕು ತೊಳೆದು ಚೂರು ಚೂರು ಬಂಗಾರ ತೆಗೆಯುತ್ತಿದ್ದ ಜಾಲಗಾರರ ವಿಷಯ ಬ್ರಿಟಿಷರ ಕಾಲದ ಧಾರವಾಡ ಗೆಜೆಟಿಯರ್‌ನಲ್ಲೇ ಇದೆ. ದೊಡ್ಡ ಕತೆ ಮಾತ್ರ ಕೋಲಾರದ್ದು. 1880ರಿಂದ ಅಲ್ಲಿ ಜಾನ್ ಟೇಲರ್ ಕಂಪನಿ. 1887ರಲ್ಲಿ ಗ್ಲಾಸ್ಗೋ ಪಟ್ಟಣದಲ್ಲಿ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು ಸಯನೈಡ್ ವಿಧಾನ ಕಂಡುಹಿಡಿದರು. ಮುಂದಿನ ದಶಕದಲ್ಲಿ ಅದು ಲೋಕದ ಚಿನ್ನದ ಗಣಿಗಳಿಗೆಲ್ಲ ಹಬ್ಬಿತು, ಕೋಲಾರಕ್ಕೂ ಬಂತು.

ಇದು ಹೆಂಗ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ನನ್ನ ತಮ್ಮನ ತೊಟ್ಟಿ ಇಲ್ಲೇ ಐತಿ. ಕಲ್ಲನ್ನು ಹಿಟ್ಟು ಮಾಡಿ ಸಯನೈಡ್ ನೀರಿನಲ್ಲಿ ನೆನೆಸಿದರೆ ಚಿನ್ನ ನೀರಿಗೆ ಇಳಿಯುತ್ತದೆ. ಆ ನೀರನ್ನು ಸತುವಿನ ಸಿಪ್ಪೆ ತುಂಬಿದ ಪೆಟ್ಟಿಗೆಗಳ ಮೂಲಕ ಹರಿಸುತ್ತಾರೆ. ಸತು ಕರಗಿ, ಚಿನ್ನ ಕರ್ರಗಿನ ಕೆಸರಾಗಿ ತಳಕ್ಕೆ ಕೂರುತ್ತದೆ. ಆಮೇಲೆ ಕೆಸರಿನಲ್ಲಿ ಉಳಿದ ಸತುವನ್ನು ತೆಗೆಯಲು ಗಂಧಕಾಮ್ಲ ಸುರಿಯುತ್ತಾರೆ. ಸತುವಿಗೆ ಆಸಿಡ್ ಬಿದ್ದರೆ ಹೈಡ್ರೋಜನ್ ಉಕ್ಕುತ್ತದೆ, ಒಂದು ಕಿಡಿ ಸಾಕು ಹೊತ್ತಿಕೊಳ್ಳಲು. ಕೆಸರಿನಲ್ಲಿ ಸಯನೈಡ್ ಉಳಿದಿದ್ದರೆ ಅದರ ವಿಷಗಾಳಿಯೂ ಏಳುತ್ತದೆ. ಎಲ್ಲಕ್ಕಿಂತ ಮೋಸದ್ದು ಇನ್ನೊಂದು: ಕೆಸರಿನಲ್ಲೋ ಸತುವಿನಲ್ಲೋ ಆಸಿಡ್ಡಿನಲ್ಲೋ ಒಂದಿಷ್ಟು ಆರ್ಸೆನಿಕ್ ಕಲಬೆರಕೆ ಇದ್ದರೆ ಆರ್ಸೀನ್ ಅನ್ನೋ ಅನಿಲ ಹುಟ್ಟುತ್ತದೆ. ಕಣ್ಣಿಗೆ ಕಾಣಂಗಿಲ್ಲ, ಕೆಮ್ಮು ಬರಂಗಿಲ್ಲ, ಬಂದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ, ಬರದೆಯೂ ಇರಬಹುದು. ಅದು ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ. ಕೆಲವು ತಾಸಿನ ಮೇಲೆ ಮೂತ್ರ ಕೆಂಪಾಗಿ ಕಪ್ಪಾಗಿ ಬರುತ್ತದೆ, ಕಣ್ಣು ಹಳದಿಯಾಗುತ್ತವೆ, ಮೂತ್ರಪಿಂಡ ನಿಲ್ಲುತ್ತದೆ. ನಮ್ಮ ಕಡೆ ಆದರೆ ಕಾಮಣಿ ಅಂತ ನಾಟಿ ಔಷಧಕ್ಕೆ ಕರಕೊಂಡು ಹೋಗ್ತಾರ.

ಕೋಲಾರದ ಗಣಿಯಲ್ಲಿ ದುಡಿದವರು ಯಾರು? ಬಹುಪಾಲು ಉತ್ತರ ಆರ್ಕಾಟ್ ಕಡೆಯಿಂದ ಬಂದ ತಮಿಳು ದಲಿತರು, ಪರೈಯರು. ಊರಿನ ಗೌಡನ ಜೀತ ತಪ್ಪಿಸಿಕೊಂಡು ಭೂಮಿ ಕೆಳಗೆ ಇಳಿದವರು. ಕೂಲಿ ಲೈನಿನ ತಗಡಿನ ಮನೆಗಳಲ್ಲಿ ಬಾಳಿದರು. 2018ರ ಸಿನಿಮಾ ನೋಡಿ ಸಿಳ್ಳೆ ಹೊಡೆದೋರಿಗೆ ಈ ಮಂದಿ ಕಾಣಲಿಲ್ಲ, ಸಿನಿಮಾದವರಿಗೆ ಅವರು ಬೇಕಾಗಿರಲೂ ಇಲ್ಲ.

ನಾನು ಗುಮಾಸ್ತ, ನನಗೆ ಕಾಣೋದು ರಿಜಿಸ್ಟರು. ಹತ್ತೊಂಬತ್ತನೇ ಶತಮಾನ ಮುಗಿಯುವ ಮುನ್ನವೇ ಮೈಸೂರು ಸಂಸ್ಥಾನ ಚಿನ್ನದ ಕಳುವು ತಡೆಯಲು ಗಣಿ ಕಾನೂನು ಮಾಡಿಕೊಟ್ಟಿತ್ತು. ಕೂಲಿಯವರ ಮೈ ತಡಕಿ ಹೊರಗೆ ಬಿಡುತ್ತಿದ್ದರು. 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆಯಲು ಹೊರಟಾಗ, ನಾವೇನು ಕಳ್ಳರಾ ಅಂತ ಇಡೀ ಗಣಿಯೇ ಮುಷ್ಕರಕ್ಕೆ ಇಳಿಯಿತು. ಚಿನ್ನಕ್ಕೆ ಬೀಗ, ಕಾವಲು, ಬೆರಳಚ್ಚು, ಕಾನೂನು ಎಲ್ಲ ಬಂತು. ಎದೆಯ ಲೆಕ್ಕ ಯಾವಾಗ ಬಂತು? ಗಣಿ ಸುರುವಾಗಿ ಅರವತ್ತು ವರ್ಷದ ಮೇಲೆ. 1940ರ ದಶಕದಲ್ಲಿ 7,500ಕ್ಕೂ ಹೆಚ್ಚು ಕಾರ್ಮಿಕರ ಎದೆ ಪರೀಕ್ಷೆ ಮಾಡಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳು ಕೂತು ಗಟ್ಟಿಯಾದ ಪುಪ್ಪುಸ. ಆ ವರದಿ 1947ರಲ್ಲಿ ಹೊರಬಂತು, ದೇಶ ಸ್ವತಂತ್ರವಾದ ವರ್ಷ. ಎಕ್ಸ್‌ರೇಯಲ್ಲಿ ಕಂಡದ್ದಕ್ಕೆ ಅಷ್ಟಾದರೂ ಲೆಕ್ಕ ಸಿಕ್ಕಿತು. ಸತುವಿನ ಹೊಗೆ ಎಕ್ಸ್‌ರೇಯಲ್ಲಿ ಕಲೆ ಬಿಟ್ಟು ಹೋಗಂಗಿಲ್ಲ, ಎರಡು ದಿನಕ್ಕೆ ಇಳಿಯೋ ಜ್ವರಕ್ಕೆ ಯಾರು ಕಾಲಂ ಹಾಕ್ತಾರ?

2001ರ ಫೆಬ್ರವರಿ 28ಕ್ಕೆ ಕೋಲಾರದ ಗಣಿ ಮುಚ್ಚಿತು. ಸಯನೈಡ್ ಗುಡ್ಡಗಳು ಇವತ್ತಿಗೂ ನಿಂತಾವ. ಗಾಳಿ ಬಿಟ್ಟರೆ ಧೂಳು ಆ ಕೂಲಿ ಲೈನಿನ ಮನೆಗಳಿಗೇ ಬರುತ್ತದೆ.

ಈಗ ನಮ್ಮ ಹೊಲಕ್ಕೆ ಬರ್ರಿ. ರೋಣ, ನರಗುಂದದ ರೈತ ಸಂಪರ್ಕ ಕೇಂದ್ರದಲ್ಲಿ ಜಿಂಕ್ ಸಲ್ಫೇಟ್ ಪಾಕೀಟು ಕೊಡ್ತಾರಲ್ಲ, ಬಿಳೀ ಹರಳಿನದು. 2009ರಲ್ಲಿ ಭೂಚೇತನ ಯೋಜನೆ ಬಂದಾಗ ರಾಜ್ಯದ ಮಣ್ಣು ಪರೀಕ್ಷೆ ಮಾಡಿ ಸತು, ಗಂಧಕ, ಬೋರಾನ್ ಕಡಿಮೆ ಐತಿ ಅಂದರು. ಒಳ್ಳೇದೇ. ಮಲಪ್ರಭಾ ಕಾಲುವೆ ಕೆಳಗಿನ ಗೋವಿನಜೋಳಕ್ಕೆ ಅದು ಬೇಕು. ಆದರೆ ಆ ಪಾಕೀಟು ಎಲ್ಲಿಂದ ಬರುತ್ತದೆ? ಬಹಳಷ್ಟು ಇಂಥ ಶೆಡ್ಡುಗಳಿಂದಲೇ. ಸತುವಿನ ಬೂದಿಗೆ ಗಂಧಕಾಮ್ಲ ಸುರಿದರೆ ಜಿಂಕ್ ಸಲ್ಫೇಟ್. ಚಿನ್ನದ ಗಣಿಯ ತೊಟ್ಟಿಯಲ್ಲಿ ಆಗುತ್ತಿದ್ದದ್ದೂ ಅದೇ. ಅಲ್ಲಿ ಸತು ಚೆಲ್ಲಿ ಚಿನ್ನ ಇಟ್ಟುಕೊಂಡರು, ಇಲ್ಲಿ ಸತು ಇಟ್ಟುಕೊಳ್ಳುತ್ತಾರೆ.

ಬೂದಿ ಬರೀ ಸತು ಅಲ್ಲ. ಅದರಲ್ಲಿ ಸೀಸ ಇರುತ್ತದೆ, ಕ್ಯಾಡ್ಮಿಯಂ ಇರುತ್ತದೆ, ನವಸಾಗರದ ಉಳಿಕೆ ಇರುತ್ತದೆ. ಚೀಲ ಮಳೆಗೆ ನೆಂದರೆ ಅದಕ್ಕೇ ಕಣ್ಣು ಉರಿಯೋ ವಾಸನೆ. ಒದ್ದೆ ಚೂರು ಕುದಿಯೋ ಸತುವಿಗೆ ಬಿದ್ದರೆ ನೀರು ಒಮ್ಮೆಲೇ ಆವಿಯಾಗಿ ಲೋಹವನ್ನೇ ಮುಖಕ್ಕೆ ಎರಚುತ್ತದೆ. ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶ 1985ರದ್ದು. ಅದರ ಪ್ರಕಾರ ಪಾಕೀಟಿನಲ್ಲಿ ಸತು ನೂರಕ್ಕೆ 21 ಇರಬೇಕು, ಸೀಸ 0.003 ದಾಟಬಾರದು, ಕ್ಯಾಡ್ಮಿಯಂ 0.0025 ದಾಟಬಾರದು. ಬೆಳೆಗೆ ವಿಷ ಸೇರಬಾರದು ಅಂತ ನಾಲ್ಕನೇ ದಶಾಂಶದ ತನಕ ಲೆಕ್ಕ ಐತಿ. ಪಾಕೀಟಿನಿಂದ ತೆಗೆದ ಸೀಸ, ಕ್ಯಾಡ್ಮಿಯಂ ಎಲ್ಲಿ ಹೋಯ್ತು? ತೊಟ್ಟಿಯ ತಳದಲ್ಲಿ, ಸೋಸುವ ಬಟ್ಟೆಯಲ್ಲಿ, ಶೆಡ್ಡಿನ ಮೂಲೆಯ ಕೆಸರಿನ ಗುಡ್ಡೆಯಲ್ಲಿ ಐತಿ. ಅದನ್ನು ಸಲಿಕೆಯಿಂದ ಎತ್ತೋರು ನನ್ನ ತಮ್ಮನಂಥವರು. ಸೋಮವಾರದ ಜ್ವರ ಬಂದು ಹೋಗುತ್ತದೆ. ಸೀಸ ಎಲುಬಿನಲ್ಲಿ ಕೂರುತ್ತದೆ, ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಕೂರುತ್ತದೆ, ವರ್ಷಗಟ್ಟಲೆ ಹೋಗಂಗಿಲ್ಲ. ಕೆಲಸದ ಅಂಗಿ ಮನೆಗೆ ತಂದು ಮಕ್ಕಳ ಅಂಗಿ ಜೊತೆ ಒಗೆದರೆ ಅವರಿಗೂ ಪಾಲು.

ಕಾನೂನು ಇಲ್ಲ ಅನ್ನಂಗಿಲ್ಲ. 1942ರಿಂದ 46ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಬಾಬಾಸಾಹೇಬರ ಕೈಯಲ್ಲಿತ್ತು. ವಾರಕ್ಕೆ 48 ತಾಸಿನ ದುಡಿಮೆ ಆ ಕಾಲದ್ದು. ಅದರ ಬೆನ್ನಿಗೆ 1948ರ ಕಾರ್ಖಾನೆ ಕಾಯ್ದೆ. 1984ರಲ್ಲಿ ಭೋಪಾಲದಲ್ಲಿ ಸಾವಿರಾರು ಮಂದಿ ಸತ್ತ ಮೇಲೆ 1987ರಲ್ಲಿ ಅದಕ್ಕೆ ಅಪಾಯಕಾರಿ ಕೆಲಸಗಳ ಅಧ್ಯಾಯ ಸೇರಿಸಿದರು. ಯಾವ ವಸ್ತು, ಏನು ಅಪಾಯ ಅಂತ ಕಾರ್ಮಿಕನಿಗೆ ಮಾಲೀಕ ತಿಳಿಸಬೇಕು, ಆರೋಗ್ಯದ ದಾಖಲೆ ಇಡಬೇಕು. ಅಪಾಯಕಾರಿ ಉದ್ಯಮಗಳ ಪಟ್ಟಿಯಲ್ಲಿ ಅದಿರಿನಿಂದ ಸತು ತೆಗೆಯುವ ದೊಡ್ಡ ಉದ್ಯಮದ ಹೆಸರು ಬರೆದಾರ. ನಮ್ಮ ಹುಡುಗರ ಬೂದಿ ಶೆಡ್ಡು ಆ ಹೆಸರಿನಡಿ ಬರತೈತೋ ಇಲ್ಲೋ ಅಂತ ವಾದ ಹಚ್ಚಬಹುದು. ರೋಗಗಳ ಪಟ್ಟಿ, ಮೂರನೇ ಅನುಸೂಚಿ, ತೆಗೆದು ನೋಡಿದೆ. ಸೀಸ ಐತಿ, ಪಾದರಸ ಐತಿ, ಆರ್ಸೆನಿಕ್ ಐತಿ. ಸತುವಿನ ಜ್ವರ ಇಲ್ಲ. ಇನ್ನು ವಿದ್ಯುತ್ ಬಳಸುವ ಕಡೆ ಹತ್ತು ಮಂದಿ ಇದ್ದರೆ ಕಾರ್ಖಾನೆ ಅಂತಿತ್ತು, 2020ರ ಸಂಹಿತೆ ಅದನ್ನು ಇಪ್ಪತ್ತು ಮಾಡಿತು. ನನ್ನ ತಮ್ಮನ ಶೆಡ್ಡಿನಲ್ಲಿ ಹದಿನಾಲ್ಕು ಮಂದಿ. ಹಾಜರಿ ಪುಸ್ತಕದಲ್ಲಿ ಒಂಬತ್ತು.

ಇಂಥ ಕೆಲಸದಾಗ ಇರೋ ತಮ್ಮಂದಿರೇ, ಡಾಕ್ಟರ್ ಹತ್ರ ಹೋದಾಗ ಜ್ವರ ಅಂತಷ್ಟೇ ಹೇಳಬ್ಯಾಡ್ರಿ, ಜಿಂಕ್ ಹೊಗೆಯಾಗ ಕೆಲಸ ಅಂತ ಹೇಳ್ರಿ, ಚೀಟಿ ಮೇಲೆ ಬರಸ್ರಿ. ರಕ್ತದಾಗಿನ ಸೀಸದ ಪರೀಕ್ಷೆ ಆಗುತ್ತಾ ಕೇಳ್ರಿ. ಬೆಲ್ಲ, ಹಾಲು ಹೊಟ್ಟಿಗೆ ಹೋಗ್ತಾವ, ಹೊಗೆ ಎದಿಗೆ ಹೋಗತೈತಿ. ಮುಖಕ್ಕೆ ಸುತ್ತಿದ ಟವೆಲ್ಲು ಆ ಹೊಗೆಯನ್ನು ತಡೆಯಂಗಿಲ್ಲ. ಆಸಿಡ್ ತೊಟ್ಟಿ ಹತ್ರ ಬೆಳ್ಳುಳ್ಳಿ ವಾಸನೆ ಬಂದ್ರ ಮೇಸ್ತ್ರಿನ್ನ ಕೇಳೂದು ಬ್ಯಾಡ, ಹೊರಗ ಬರ್ರಿ. ಮೂತ್ರ ಕೆಂಪಾದ್ರ ಅವತ್ತೇ, ಆ ತಾಸಿನಾಗೇ ದೊಡ್ಡ ಆಸ್ಪತ್ರೆ. ಹಾಜರಿ, ಪಗಾರ ಚೀಟಿ ಏನಿದ್ರೂ ಮೊಬೈಲಿನಾಗ ಫೋಟೋ ಹೊಡಕೊಂಡು ಇಟ್ಕೊಳ್ರಿ. ಅರ್ಜಿ ಬರೆಯೋ ಕೆಲಸ ನನಗ ಬಿಡ್ರಿ, ಅದೊಂದು ನನಗ ಬರತೈತಿ.

ತಮ್ಮನ ಹೆಸರು, ಶೆಡ್ಡಿನ ಹೆಸರು ಕೇಳಬ್ಯಾಡ್ರಿ. "ಬರದ್ರ ಬರಿ ಅಣ್ಣಾ, ಆದ್ರ ನನ್ನ ಕೆಲಸ ಕಳೀಬ್ಯಾಡ" ಅಂದಾನ. ರಜೆ ಚೀಟಿಗೆ ಅಂತ ಡಾಕ್ಟರ್ ಕೊಟ್ಟ ಕಾಗದ ತೋರಿಸಿದ, ರೋಗದ ಹೆಸರು ಅನ್ನೋ ಕಡೆ ವೈರಲ್ ಫೀವರ್ ಅಂತ ಬರೆದಿತ್ತು. ರವಿವಾರ ರಾತ್ರಿ ಬಸ್ಸಿಗೆ ಹತ್ತಿಸಿ ಬಂದೆ. ಸೋಮವಾರ ಸಂಜೆ ಏಳಕ್ಕೆ ಫೋನ್ ಹಚ್ಚಿದರೆ ಅವನ ರೂಮಿನ ಹುಡುಗ ಎತ್ತಿದ. "ಚಳಿ ಹತ್ಯಾವ ಅಣ್ಣಾ, ಕಂಬಳಿ ಹೊಚ್ಚಿ ಮಲಗಿಸೀವಿ" ಅಂದ.

ಜೈ ಭೀಮ್.