ಸಮುದ್ರ ತೈಲ ವೇದಿಕೆಗಳ ಸುರಕ್ಷತೆ: ಸರ್ಕಾರಕ್ಕೆ ಸಲ್ಲಿಸಬೇಕಾದ ವರದಿಗಳು

ಸಮುದ್ರದ ತಳದಿಂದ ತೈಲ ಮತ್ತು ಅನಿಲ ತೆಗೆಯುವ ಕಂಪನಿಗಳು ತಮ್ಮ ವೇದಿಕೆಗಳಲ್ಲಿ ಏನು ಅಪಾಯವಿದೆ, ಅದನ್ನು ತಡೆಯಲು ಏನು ಮಾಡಿದ್ದೇವೆ, ಏನು ಕೆಟ್ಟಿತು, ಯಾರಿಗೆ ಪೆಟ್ಟಾಯಿತು ಎಂಬುದನ್ನು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕೆಂಬ ಕಾನೂನು ವ್ಯವಸ್ಥೆಯಿದೆ. ಇದರಲ್ಲಿ ಎರಡು ಬಗೆಯ ವರದಿಗಳಿವೆ. ಕೆಲಸ ಶುರುವಾಗುವ ಮುನ್ನ ಸಲ್ಲಿಸುವುದು ಒಂದು ಬಗೆ, ಅವಘಡವೋ ಸೋರಿಕೆಯೋ ಆದ ಮೇಲೆ ಸಲ್ಲಿಸುವುದು ಇನ್ನೊಂದು. ದಡದ ಕಾರ್ಖಾನೆಗೆ ಇನ್ಸ್‌ಪೆಕ್ಟರು ಜೀಪು ಹತ್ತಿ ಹೋಗಬಹುದು. ನೂರಾರು ಕಿಲೋಮೀಟರು ದೂರದ ಸಮುದ್ರದಲ್ಲಿ ನಿಂತ ವೇದಿಕೆಗೆ ಹೋಗಲು ಹೆಲಿಕಾಪ್ಟರು ಬೇಕು, ಹವೆಯೂ ನೆಟ್ಟಗಿರಬೇಕು. ವರ್ಷದ ಬಹುಪಾಲು ದಿನ ಅಲ್ಲಿ ಸರ್ಕಾರದ ಕಡೆಯವರು ಯಾರೂ ಇರುವುದಿಲ್ಲ. ಹಾಗಾಗಿ ಈ ಉದ್ಯಮದಲ್ಲಿ ವರದಿಗೆ ಬೇರೆಲ್ಲೂ ಇಲ್ಲದಷ್ಟು ತೂಕವಿದೆ.

ಇಂದು ಜಾರಿಯಲ್ಲಿರುವ ನಿಯಮಗಳ ಹಿಂದಿನ ವಿಚಾರ ಬಹುಮಟ್ಟಿಗೆ ರೂಪುಗೊಂಡದ್ದು ಬ್ರಿಟನ್ನಿನ ಪೈಪರ್ ಆಲ್ಫಾ ದುರಂತದಿಂದ. ಸ್ಕಾಟ್ಲೆಂಡಿನ ಅಬರ್ಡೀನ್ ನಗರದಿಂದ ಸುಮಾರು 190 ಕಿ.ಮೀ. ದೂರದಲ್ಲಿ, ಉತ್ತರ ಸಮುದ್ರದಲ್ಲಿದ್ದ ಈ ವೇದಿಕೆಯಲ್ಲಿ ಅನಿಲದಿಂದ ಬೇರ್ಪಡುವ ದ್ರವವಾದ ಕಂಡೆನ್ಸೇಟನ್ನು ಸಾಗಿಸಲು ಎ ಮತ್ತು ಬಿ ಎಂಬ ಎರಡು ಪಂಪುಗಳಿದ್ದವು. 1988ರ ಜುಲೈ 6ರಂದು ಹಗಲು ಪಾಳಿಯವರು ಎ ಪಂಪಿನ ಸುರಕ್ಷತಾ ವಾಲ್ವನ್ನು ಪರೀಕ್ಷೆಗೆಂದು ಬಿಚ್ಚಿದರು. ಸಂಜೆಯೊಳಗೆ ಅದನ್ನು ಮರಳಿ ಕೂಡಿಸಲು ಆಗಲಿಲ್ಲ. ಕೊಳವೆಯ ಬಾಯಿಗೆ ಲೋಹದ ಬಿಲ್ಲೆಯೊಂದನ್ನು ಕೂರಿಸಿ ಬಿಟ್ಟರು, ಅದು ಬಿಗಿಯಾಗಿ ಕೂತಿರಲಿಲ್ಲ. ಆ ಪಂಪಿಗೆ ಸಂಬಂಧಿಸಿ ಎರಡು ವರ್ಕ್ ಪರ್ಮಿಟ್‌ಗಳು, ಅಂದರೆ ಕೆಲಸದ ಅನುಮತಿ ಪತ್ರಗಳು, ಇದ್ದವು: ದೊಡ್ಡ ರಿಪೇರಿಯದೊಂದು, ವಾಲ್ವಿನದೊಂದು. ರಾತ್ರಿ 9.45ರ ಸುಮಾರಿಗೆ ಬಿ ಪಂಪು ನಿಂತುಹೋಯಿತು. ರಿಪೇರಿಯ ಪರ್ಮಿಟ್ ರಾತ್ರಿ ಪಾಳಿಯವರಿಗೆ ಗೊತ್ತಿತ್ತು, ಆ ಕೆಲಸ ಇನ್ನೂ ಶುರುವಾಗಿಲ್ಲವೆಂಬುದೂ ಗೊತ್ತಿತ್ತು. ವಾಲ್ವು ಜಾಗದಲ್ಲಿಲ್ಲ ಎಂಬುದನ್ನು ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ. ಎ ಪಂಪನ್ನು ಚಾಲೂ ಮಾಡಲು ಹೊರಟರು. ಬಿಗಿಯಾಗಿರದ ಬಿಲ್ಲೆಯ ಸಂದಿನಿಂದ ಕಂಡೆನ್ಸೇಟ್ ಸೋರಿ, ಹತ್ತು ಗಂಟೆಗೆ ಮೊದಲ ಸ್ಫೋಟವಾಯಿತು. ಅಕ್ಕಪಕ್ಕದ ಟಾರ್ಟನ್, ಕ್ಲೇಮೋರ್ ವೇದಿಕೆಗಳು ಕೂಡುಕೊಳವೆಗಳಿಗೆ ಪಂಪು ಮಾಡುವುದನ್ನು ತಕ್ಷಣ ನಿಲ್ಲಿಸದಿದ್ದರಿಂದ ಬೆಂಕಿ ಬೆಳೆಯಿತು. ಕಾಪಾಡಲು ಹೋದ ದೋಣಿಯ ಇಬ್ಬರೂ ಸೇರಿ 167 ಮಂದಿ ಸತ್ತರು. ವೇದಿಕೆಯಲ್ಲಿದ್ದವರಲ್ಲಿ ಬದುಕಿದವರು 61 ಮಂದಿ.

ಸರ್ಕಾರಿ ವರದಿಗಳ ದೃಷ್ಟಿಯಿಂದ ಇದಕ್ಕಿಂತ ಹೆಚ್ಚು ಕಾಡುವುದು ದುರಂತಕ್ಕೆ ಮುಂಚಿನ ಹತ್ತು ತಿಂಗಳು. 1987ರ ಸೆಪ್ಟೆಂಬರಿನಲ್ಲಿ ಇದೇ ವೇದಿಕೆಯಲ್ಲಿ ಒಬ್ಬ ಕೆಲಸಗಾರ ಸತ್ತಿದ್ದ. ಆಗಲೂ ತಪ್ಪಿದ್ದು ವರ್ಕ್ ಪರ್ಮಿಟ್ ವ್ಯವಸ್ಥೆಯಲ್ಲಿ, ಒಂದು ಪಾಳಿ ಇನ್ನೊಂದಕ್ಕೆ ಮಾಹಿತಿ ದಾಟಿಸುವುದರಲ್ಲಿ. ಆ ಸಾವು ವರದಿಯಾಗಿತ್ತು, ನ್ಯಾಯಾಲಯಕ್ಕೂ ಹೋಗಿತ್ತು, ಕಂಪನಿ ತಪ್ಪೊಪ್ಪಿಕೊಂಡಿತ್ತು. 1988ರ ಜೂನಿನಲ್ಲಿ ಸರ್ಕಾರದ ಇನ್ಸ್‌ಪೆಕ್ಟರು ವೇದಿಕೆಗೆ ಬಂದು ತಪಾಸಣೆ ನಡೆಸಿ, ಕೊರತೆಗಳು ನೀಗಿವೆ ಎಂಬ ಅಭಿಪ್ರಾಯದೊಂದಿಗೆ ಮರಳಿದ್ದರು. ಅಂದರೆ ಕಡತದ ಮಟ್ಟಿಗೆ ಎಲ್ಲವೂ ಸರಿಯಾಗಿತ್ತು. ಸತ್ತವನ ಕುರಿತ ವರದಿಯಿಂದ ಬದುಕಿರುವವರ ಕೆಲಸದ ರೀತಿ ಬದಲಾಯಿತೇ ಎಂದು ಪರೀಕ್ಷಿಸುವ ಏರ್ಪಾಡು ಮಾತ್ರ ಯಾರ ಬಳಿಯೂ ಇರಲಿಲ್ಲ.

ಈ ದುರಂತದ ಬಗ್ಗೆ ನ್ಯಾಯಾಧೀಶ ಲಾರ್ಡ್ ಕಲನ್ ನಡೆಸಿದ ಸಾರ್ವಜನಿಕ ವಿಚಾರಣೆಯ ವರದಿ 1990ರ ನವೆಂಬರಿನಲ್ಲಿ ಹೊರಬಂತು. ಅದರ 106 ಶಿಫಾರಸುಗಳನ್ನೂ ಬ್ರಿಟಿಷ್ ಸರ್ಕಾರ ಒಪ್ಪಿಕೊಂಡಿತು. ಅವುಗಳಲ್ಲಿ ಎರಡು ಇಡೀ ವ್ಯವಸ್ಥೆಯ ದಿಕ್ಕನ್ನೇ ತಿರುಗಿಸಿದವು. ಮೊದಲನೆಯದು, ತೈಲ ಹೊರತೆಗೆಯಲು ಉತ್ತೇಜಿಸುವ ಇಂಧನ ಇಲಾಖೆಯೇ ಸುರಕ್ಷತೆಯನ್ನೂ ನೋಡಿಕೊಳ್ಳಬಾರದು ಎಂಬುದು. 1991ರಲ್ಲಿ ಆ ಹೊಣೆ ಆರೋಗ್ಯ ಮತ್ತು ಸುರಕ್ಷತಾ ಕಾರ್ಯಾಲಯಕ್ಕೆ, ಅಂದರೆ ಎಚ್‌ಎಸ್‌ಇಗೆ, ವರ್ಗವಾಯಿತು. ಎರಡನೆಯದು ಸೇಫ್ಟಿ ಕೇಸ್. ಅಲ್ಲಿಯವರೆಗೆ ಸರ್ಕಾರ ನಿಯಮ ಬರೆಯುತ್ತಿತ್ತು, ಕಂಪನಿ ಪಾಲಿಸಿದೆಯೇ ಎಂದು ಇನ್ಸ್‌ಪೆಕ್ಟರು ನೋಡುತ್ತಿದ್ದರು. 1992ರ ನಿಯಮಗಳ ಪ್ರಕಾರ ಕಂಪನಿಯೇ ತನ್ನ ಪ್ರತಿ ವೇದಿಕೆಗೂ ಸೇಫ್ಟಿ ಕೇಸ್ ಎಂಬ ಒಂದು ದಸ್ತಾವೇಜು ಸಿದ್ಧಪಡಿಸಬೇಕಾಯಿತು. ಯಾವ ಕೊಳವೆ ಒಡೆದರೆ ಬೆಂಕಿ ಎಲ್ಲಿಗೆ ಹಬ್ಬೀತು, ಜನ ಯಾವ ದಾರಿಯಿಂದ ಹೊರಬೀಳುತ್ತಾರೆ, ಅವರು ಸೇರುವ ತಾಣ ಎಷ್ಟು ಹೊತ್ತು ಹೊಗೆ ಮತ್ತು ಬಿಸಿಯನ್ನು ತಡೆದೀತು ಎಂಬುದನ್ನೆಲ್ಲ ಲೆಕ್ಕ ಸಮೇತ ತೋರಿಸಬೇಕು. ಎಚ್‌ಎಸ್‌ಇ ಅದನ್ನು ಅಂಗೀಕರಿಸದೆ ವೇದಿಕೆ ಕೆಲಸ ಮಾಡುವಂತಿಲ್ಲ. 2005ರಲ್ಲಿಯೂ ಐರೋಪ್ಯ ಒಕ್ಕೂಟದ ನಿರ್ದೇಶನದ ನಂತರ 2015ರಲ್ಲಿಯೂ ಈ ನಿಯಮಗಳು ಪರಿಷ್ಕೃತವಾದವು. ಐದು ವರ್ಷಕ್ಕೊಮ್ಮೆಯಾದರೂ ದಸ್ತಾವೇಜನ್ನು ಆಮೂಲಾಗ್ರವಾಗಿ ಮರುಪರಿಶೀಲಿಸಬೇಕು.

ಅವಘಡದ ನಂತರದ ವರದಿಯಲ್ಲಿ ಸಾವು, ಗಂಭೀರ ಗಾಯ, ಬೆಂಕಿ, ಸ್ಫೋಟಗಳನ್ನು ತಿಳಿಸಬೇಕೆಂಬುದು ಬಹುತೇಕ ದೇಶಗಳಲ್ಲಿ ಇದೆ. ಬ್ರಿಟನ್ನಿನ ವ್ಯವಸ್ಥೆಯ ನಿಜವಾದ ಬೆಲೆ ಗೊತ್ತಾಗುವುದು ಯಾರಿಗೂ ಏನೂ ಆಗದ ಘಟನೆಗಳ ವರದಿಯಲ್ಲಿ. ಕಲನ್ ಶಿಫಾರಸಿನಂತೆ 1992ರ ಅಕ್ಟೋಬರಿನಿಂದ ಹೈಡ್ರೋಕಾರ್ಬನ್ (ತೈಲ, ಅನಿಲ) ಸೋರಿಕೆಗಳ ದತ್ತಸಂಚಯವೊಂದನ್ನು ಕಟ್ಟಲಾಯಿತು. ಬೆಂಕಿ ಹತ್ತಿಕೊಳ್ಳದ, ಒಬ್ಬರಿಗೂ ಗಾಯವಾಗದ ಸೋರಿಕೆಯೂ ಅದರಲ್ಲಿ ದಾಖಲಾಗುತ್ತದೆ. ಇಂದಿನ ನಮೂನೆಯನ್ನು ಘಟನೆಯಾದ 10 ಕೆಲಸದ ದಿನಗಳೊಳಗೆ ಸಲ್ಲಿಸಬೇಕು. ಅದರಲ್ಲಿ ಕೇಳುವ ಪ್ರಶ್ನೆಗಳು ಕೊಳವೆಯ ಪಕ್ಕದಲ್ಲಿ ನಿಂತವನು ಕೇಳುವಂಥವು: ತೂತು ಎಷ್ಟು ಮಿಲಿಮೀಟರ್ ಇತ್ತು? ಒಳಗಿನ ಒತ್ತಡವೆಷ್ಟು? ಎಷ್ಟು ಹೊತ್ತು ಸೋರಿತು? ಮೊದಲು ಪತ್ತೆ ಹಚ್ಚಿದ್ದು ಯಂತ್ರವೋ ಮನುಷ್ಯನೋ? ಗಾಳಿಯಾಡುವ ಜಾಗವೇ, ಹವೆ ಹೇಗಿತ್ತು? ಕಾರಣ ವಿನ್ಯಾಸದ್ದೋ, ಬಿಡಿಭಾಗದ್ದೋ, ಕೆಲಸ ಮಾಡಿದ ರೀತಿಯದೋ? ಸೋರಿಕೆಗಳನ್ನು ಸಣ್ಣದು, ಗಣನೀಯ, ದೊಡ್ಡದು ಎಂದು ವಿಂಗಡಿಸುತ್ತಾರೆ. 300 ಕಿಲೋಗೂ ಹೆಚ್ಚು ಅನಿಲ ಹೊರಬಿದ್ದರೆ ಅದು ದೊಡ್ಡ ಸೋರಿಕೆ. ಇಂಥ ದಾಖಲೆಗಳು ವರ್ಷಗಟ್ಟಲೆ ಸೇರುತ್ತ ಹೋದಾಗ ಯಾವ ಬಗೆಯ ಜೋಡಣೆ, ಯಾವ ಬಗೆಯ ವಾಲ್ವು ಪದೇ ಪದೇ ಕೈಕೊಡುತ್ತದೆ ಎಂಬುದು ಕಾಣತೊಡಗುತ್ತದೆ. ಯಾರ ಮೇಲೆ ತಪ್ಪು ಹೊರಿಸಬೇಕೆಂದು ಬರೆಸುವ ವರದಿಯಿಂದ ಈ ತಿಳಿವಳಿಕೆ ಎಂದಿಗೂ ಬರುವುದಿಲ್ಲ.

ಅಮೆರಿಕದಲ್ಲಿ ಘಟನೆಗಳನ್ನು ಎರಡು ಪಂಕ್ತಿಯಲ್ಲಿ ಇಟ್ಟಿದ್ದಾರೆ. ಸಾವು, ದಡಕ್ಕೋ ಬೇರೆ ವೇದಿಕೆಗೋ ಸಾಗಿಸಬೇಕಾದ ಗಾಯ, ಬಾವಿಯ ಮೇಲೆ ಹಿಡಿತ ತಪ್ಪುವುದು, ಬೆಂಕಿ, ಸ್ಫೋಟ, ಕ್ರೇನ್ ಅವಘಡ ಇವನ್ನು ತಕ್ಷಣ ಬಾಯಿಮಾತಿನಲ್ಲಿ ತಿಳಿಸಬೇಕು, 15 ದಿನದೊಳಗೆ ಲಿಖಿತ ವರದಿಯನ್ನೂ ಕೊಡಬೇಕು. ಅನಿಲ ಸೋರಿ ಯಂತ್ರಗಳನ್ನು ನಿಲ್ಲಿಸಬೇಕಾದ ಪ್ರಸಂಗದಂಥವಕ್ಕೆ ಲಿಖಿತ ವರದಿ ಸಾಕು. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಿಸಿ 11 ಮಂದಿ ಸತ್ತು, ಬಾವಿಯ ಬಾಯಿಂದ 87 ದಿನ ತೈಲ ಉಕ್ಕಿದಾಗ ಕಲನ್ ಎತ್ತಿದ್ದ ಪ್ರಶ್ನೆಯೇ ಮತ್ತೆ ಎದುರಾಯಿತು. ಅಲ್ಲಿ ಗುತ್ತಿಗೆ ಕೊಟ್ಟು ರಾಯಧನ ವಸೂಲು ಮಾಡುವ ಸಂಸ್ಥೆಯೇ ಸುರಕ್ಷತೆಯ ಕಾವಲುಗಾರನೂ ಆಗಿತ್ತು. ಅದನ್ನು ಒಡೆದು 2011ರ ಅಕ್ಟೋಬರಿನಲ್ಲಿ ಸುರಕ್ಷತೆಗೆಂದೇ ಬಿಎಸ್‌ಇಇ ಎಂಬ ಕಚೇರಿ ಸ್ಥಾಪಿಸಿದರು. ಆಮೇಲೆ ಬಂದ ಸೇಫ್‌ಒಸಿಎಸ್ ಎಂಬ ಯೋಜನೆ ವಿಶೇಷ ಗಮನಕ್ಕೆ ಅರ್ಹ. ಕೂದಲೆಳೆಯಲ್ಲಿ ತಪ್ಪಿದ ಅಪಾಯಗಳನ್ನು ಕಂಪನಿಗಳೂ ನೌಕರರೂ ಸಾರಿಗೆ ಅಂಕಿಅಂಶಗಳ ಕಚೇರಿಗೆ ಗೌಪ್ಯವಾಗಿ ತಿಳಿಸಬಹುದು. ಆ ಕಚೇರಿಗೆ ದಂಡ ಹಾಕುವ ಅಧಿಕಾರವಿಲ್ಲ, ಹೇಳಿದವರ ಗುರುತು ಹೊರಬೀಳದಂತೆ ಕಾನೂನಿನ ರಕ್ಷಣೆ ಇದೆ. ಬಾಯಿಬಿಟ್ಟರೆ ಕೆಲಸ ಹೋದೀತೆಂಬ ಭಯವಿರುವ ಕಡೆ ಎಷ್ಟು ಕಟ್ಟುನಿಟ್ಟಿನ ನಿಯಮವಿದ್ದರೂ ಬರುವುದು ಖಾಲಿ ನಮೂನೆಯೇ.

ನಾರ್ವೆಯಲ್ಲಿ 1980ರ ಮಾರ್ಚ್ 27ರಂದು ಅಲೆಕ್ಸಾಂಡರ್ ಕೀಲಾಂಡ್ ಎಂಬ ತೇಲುವ ವಸತಿ ವೇದಿಕೆ ಮಗುಚಿ 123 ಮಂದಿ ಸತ್ತಿದ್ದರು. ಆ ದೇಶದ ನಿಯಂತ್ರಣ ಸಂಸ್ಥೆ ಈಗ ಕಂಪನಿಗಳ ವರದಿಗಳನ್ನೂ ಕಾರ್ಮಿಕರಿಂದ ಸಂಗ್ರಹಿಸಿದ ಉತ್ತರಗಳನ್ನೂ ಒಟ್ಟಿಗಿಟ್ಟು ಇಡೀ ಉದ್ಯಮದ ಅಪಾಯ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಪ್ರತಿ ವರ್ಷ ಬಹಿರಂಗವಾಗಿ ಪ್ರಕಟಿಸುತ್ತದೆ.

ಭಾರತದಲ್ಲಿ ಸಮುದ್ರದ ತೈಲವೆಂದರೆ ಮುಖ್ಯವಾಗಿ ಮುಂಬೈ ತೀರದಿಂದ ಸುಮಾರು 160 ಕಿ.ಮೀ. ದೂರದ ಮುಂಬೈ ಹೈ ತೈಲಕ್ಷೇತ್ರ. 2005ರ ಜುಲೈ 27ರಂದು, ಮಳೆಗಾಲದ ಮಧ್ಯೆ, ಸಮುದ್ರ ಸುರಕ್ಷಾ ಎಂಬ ಹಡಗಿನ ಅಡುಗೆಯವರೊಬ್ಬರ ಬೆರಳಿಗೆ ಗಾಯವಾಯಿತು. ಅವರನ್ನು ಚಿಕಿತ್ಸೆಗೆಂದು ಕ್ರೇನಿನ ಬುಟ್ಟಿಯಲ್ಲಿ ಮುಂಬೈ ಹೈ ನಾರ್ತ್ ವೇದಿಕೆಗೆ ದಾಟಿಸಿದರು. ಆ ಹೊತ್ತಿಗೆ ಹಡಗು ಅಲೆಗಳ ನಡುವೆ ಹಿಡಿತ ತಪ್ಪಿ ಸಮುದ್ರತಳದಿಂದ ವೇದಿಕೆಗೆ ಏರುವ ರೈಸರ್ ಕೊಳವೆಗಳಿಗೆ ಬಡಿಯಿತು. ಅನಿಲಕ್ಕೆ ಬೆಂಕಿ ಹತ್ತಿ, ಸುಮಾರು ಎರಡು ಗಂಟೆಯೊಳಗೆ ವೇದಿಕೆ ಕುಸಿದುಬಿತ್ತು. 22 ಮಂದಿ ತೀರಿಕೊಂಡರು, 362 ಮಂದಿಯನ್ನು ಕಾಪಾಡಲಾಯಿತು. ಒಬ್ಬ ಗಾಯಾಳುವನ್ನು ಸಾಗಿಸುವಂಥ ದಿನನಿತ್ಯದ ಕೆಲಸವೂ ಅಪಾಯದ ಲೆಕ್ಕದೊಳಗೆ ಬರಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

1948ರ ತೈಲಕ್ಷೇತ್ರ ಕಾಯ್ದೆಯಡಿ, ಸಮುದ್ರದ ಕೆಲಸಕ್ಕೆಂದೇ ಸುರಕ್ಷತಾ ನಿಯಮಗಳು ಬಂದದ್ದು 2008ರಲ್ಲಿ. ಇವುಗಳ ಜಾರಿಯ ಹೊಣೆ ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯದ್ದು, ಅಂದರೆ ಒಐಎಸ್‌ಡಿಯದು. ಕಂಪನಿ ಅಪಾಯಗಳನ್ನು ಅಂದಾಜಿಸಿ, ಸುರಕ್ಷತಾ ನಿರ್ವಹಣಾ ವ್ಯವಸ್ಥೆ ಮತ್ತು ತುರ್ತು ಯೋಜನೆ ರೂಪಿಸಿ, ನಿರ್ದೇಶನಾಲಯದ ಸಮ್ಮತಿ ಪಡೆದು ಕೆಲಸ ನಡೆಸಬೇಕು. ಅವಘಡಗಳನ್ನು ಅದಕ್ಕೆ ವರದಿ ಮಾಡಬೇಕು. ಕರ್ನಾಟಕದ ಕರಾವಳಿಯಲ್ಲಿ ತೈಲ ವೇದಿಕೆಗಳಿಲ್ಲ. ಆದರೆ ಒಐಎಸ್‌ಡಿಯ ಕಾರ್ಯವ್ಯಾಪ್ತಿ ಸಂಸ್ಕರಣಾಗಾರಗಳಿಗೂ ಚಾಚಿರುವುದರಿಂದ, ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ಅಂಗಸಂಸ್ಥೆಯಾದ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರದವರಿಗೆ ಅದರ ಮಾನದಂಡಗಳೂ ಆಡಿಟ್‌ಗಳೂ ಪರಿಚಿತ. ಈ ನಿರ್ದೇಶನಾಲಯ ಪೆಟ್ರೋಲಿಯಂ ಸಚಿವಾಲಯದ ಅಧೀನದಲ್ಲಿದೆ. ಉತ್ಪಾದನೆ ಹೆಚ್ಚಿಸುವ ಗುರಿಯೂ ಸುರಕ್ಷತೆಯ ಮೇಲ್ವಿಚಾರಣೆಯೂ ಒಂದೇ ಸಚಿವಾಲಯದ ಕೈಯಲ್ಲಿರುವ ಈ ಏರ್ಪಾಡನ್ನು ಬ್ರಿಟನ್ 1991ರಲ್ಲಿಯೇ ಕೈಬಿಟ್ಟಿತ್ತು. ಭಾರತವೂ ಅದನ್ನು ಬಿಡುವುದು ಒಳ್ಳೆಯದು.

ಹೊಣೆ ಹಂಚಿಹೋದರೆ ಏನಾಗುತ್ತದೆ ಎಂಬುದನ್ನು 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ತೋರಿಸಿತು. ಮುಂಬೈ ಹೈ ಬಳಿ ಕೆಲಸಗಾರರ ವಸತಿಗೆಂದು ಇದ್ದ ಪಿ-305 ಬಾರ್ಜು ಮತ್ತು ವರಪ್ರದಾ ಟಗ್ ದೋಣಿ ಮುಳುಗಿ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಚಂಡಮಾರುತದ ಮುನ್ಸೂಚನೆ ಮೊದಲೇ ಬಂದಿತ್ತು. ವೇದಿಕೆಯ ಸುರಕ್ಷತೆ ಒಐಎಸ್‌ಡಿಯದು, ಹಡಗು ಬಾರ್ಜುಗಳ ಕಾನೂನು ನೌಕಾಯಾನ ಮಹಾನಿರ್ದೇಶನಾಲಯದ್ದು, ಬಾರ್ಜಿನ ಮೇಲಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆದಾರರ ಕಡೆಯ ಕಾರ್ಮಿಕರು. ಸರ್ಕಾರ ನೇಮಿಸಿದ ಉನ್ನತ ಸಮಿತಿಯಲ್ಲಿ ನೌಕಾಯಾನ ಮಹಾನಿರ್ದೇಶಕರು, ಹೈಡ್ರೋಕಾರ್ಬನ್ ಮಹಾನಿರ್ದೇಶಕರು, ರಕ್ಷಣಾ ಸಚಿವಾಲಯದ ಅಧಿಕಾರಿ ಮೂವರನ್ನೂ ಕೂರಿಸಬೇಕಾಯಿತು. ಇವರೆಲ್ಲ ಒಂದೇ ಮೇಜಿನ ಸುತ್ತ ಕೂತದ್ದು ಬಾರ್ಜು ಮುಳುಗಿದ ಮೇಲೆ. ಬಿರುಗಾಳಿ ಬರುವ ಮುನ್ನ ಬಾರ್ಜುಗಳು ಎಲ್ಲಿ ನಿಂತಿವೆ, ಅವುಗಳ ಮೇಲೆ ಎಷ್ಟು ಜನರಿದ್ದಾರೆ, ದಡಕ್ಕೆ ಮರಳಲು ಎಷ್ಟು ಗಂಟೆ ಬೇಕು ಎಂಬ ವರದಿಯನ್ನು ಒಂದೇ ಕಚೇರಿ ಪಡೆದು, ಅಲ್ಲಿಂದಲೇ ಮರಳುವ ಆದೇಶ ಹೊರಡುವಂತೆ ನಿಯಮ ರೂಪಿಸುವುದು ತೀರಾ ಅಗತ್ಯ.